ಒಂದು ಕೋಟಿಯ ಶಿಲ್ಕು

1992ರ ಮೇ ತಿಂಗಳು. ಹಿಂದಿನ ತಿಂಗಳಷ್ಟೇ ಮುಂಬಯಿಯ ಷೇರು ಹಗರಣ ಬಯಲಿಗೆ ಬಂದಿತ್ತು. ಬ್ಯಾಂಕಿನ ನೌಕರ ಅಂದರೆ ಸಾಕು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಒಂದು ಥರಾ ನೋಡುತ್ತಿದ್ದ ಕಾಲ. ನಾನು ಬಾಗಲಕೋಟೆ ಕಡೆಯವನು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, ಬ್ಯಾಂಕು ಸೇರಿ, ನಾಸಿಕಕ್ಕೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ಆಗ ಒಬ್ಬ ಗುಮಾಸ್ತ ನಗುತ್ತ ಒಳಗೆ ಬಂದು, 'ಆಜ ಕಾಕಾಂನೀ ಕಾಯ ಕೋಟೀ ಕೇಲೀ!' ಅಂದ. ಕಾಕಾ ಅಂದರೆ ನಮ್ಮ ಹೆಡ್ ಕ್ಯಾಶಿಯರ್. ನನ್ನ ಆಗಿನ ಮರಾಠಿಗೆ ಅದು ಕೇಳಿಸಿದ್ದು ಹೀಗೆ: 'ಇವತ್ತು ಕಾಕಾ ಎಂಥಾ ಕೋಟಿ ಹೊಡೆದರು!' ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. 'ಕಿತೀ ಕೋಟೀ?' ಅಂದೆ. ಎಷ್ಟು ಕೋಟಿ?

ಕೋಣೆಗೆ ಕೋಣೆಯೇ ನಕ್ಕಿತು. ಕಾಕಾ ಮಾತ್ರ ಗಂಭೀರವಾಗಿ, 'ಏಕಚ. ಪಣ ಟ್ಯಾಕ್ಸ್ ನಾಹೀ' ಅಂದರು. ಒಂದೇ ಒಂದು, ಆದರೆ ಅದಕ್ಕೆ ತೆರಿಗೆ ಇಲ್ಲ!

ಆಮೇಲೆ ತಿಳಿಯಿತು. ಮರಾಠಿಯಲ್ಲಿ ಕೋಟಿ ಅಂದರೆ ನೂರು ಲಕ್ಷವೂ ಹೌದು, ಒಂದು ಮಾತಿಗೆ ಎರಡು ಅರ್ಥ ಹಚ್ಚಿ ಹಾರಿಸುವ ಚತುರೋಕ್ತಿಯೂ ಹೌದು. ಸಂಸ್ಕೃತದಲ್ಲಿ ಅದೇ ಶಬ್ದಕ್ಕೆ ತುದಿ, ಮೊನೆ ಎಂಬ ಅರ್ಥವೂ ಉಂಟು. ಧನುಷ್ಕೋಟಿ ಅಂದರೆ ಬಿಲ್ಲಿನ ತುದಿ. ಮೊನೆ ಇರುವ ವಸ್ತುವನ್ನು ಹುಷಾರಿಯಿಂದ ಹಿಡಿಯಬೇಕು ಅಂತ ಆ ಶಬ್ದವೇ ಹೇಳುತ್ತಿತ್ತೋ ಏನೋ. ಅದು ನನಗೆ ತಿಳಿಯುವುದಕ್ಕೆ ಹದಿಮೂರು ವರ್ಷ ಬೇಕಾಯಿತು. ಆ ಕತೆಯನ್ನೇ ಇಲ್ಲಿ ಹೇಳಬೇಕಾಗಿದೆ.

ಪರಊರಿಗೆ ಹೋದವನಿಗೆ ಮೊದಲು ಅಕ್ಕಿ, ಬೇಳೆ, ಬಾಡಿಗೆಯ ಮಾತು ಬರುತ್ತದೆ. ಆಮೇಲೆ ಜಗಳದ ಮಾತು. ಕಟ್ಟಕಡೆಗೆ ಬರುವುದು ನಗೆಮಾತು. ನನಗಂತೂ ನಾಸಿಕದಲ್ಲಿ ಅದೊಂದು ಹಟವೇ ಆಯಿತು. ಕಾಕಾ ನನ್ನ ಗುರು. ರವಿವಾರ ಕಾರಂಜಾದ ಹತ್ತಿರ ಸಂಜೆ ಚಹಾ ಕುಡಿಯುತ್ತ ಅವರು ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಿದ್ದರು. ಕೋಪರಖಳಿ ಅಂದರೆ ಮೊಳಕೈಯಿಂದ ಮೆಲ್ಲಗೆ ತಿವಿಯುವುದು. ಚಿಮಟಾ ಅಂದರೆ ಚಿವುಟುವುದು. ಟಪಲಿ ಅಂದರೆ ತಲೆಯ ಮೇಲೊಂದು ಹಗುರವಾದ ಏಟು. ಟೋಮಣಾ ಅಂದರೆ ನಮ್ಮ ಚುಚ್ಚುಮಾತು. ಎಲ್ಲಕ್ಕಿಂತ ಭಾರಿಯದು ಶಾಲಜೋಡೀತಲೇ: ಕಾಲ್ಮರಿಯನ್ನು ಬೆಲೆಬಾಳುವ ಶಾಲಿನಲ್ಲಿ ಸುತ್ತಿ ಹೊಡೆಯುವುದು! ಗೌರವಕ್ಕೆ ಗೌರವ, ಏಟಿಗೆ ಏಟು. ನೋಡಿ, ಎಲ್ಲವೂ ಮೈಗೆ ತಾಗುವಂಥವೇ. ನಗೆಮಾತು ಗಾಳಿಯಲ್ಲಿ ಹೋಗುವುದಿಲ್ಲ, ಒಬ್ಬರ ಮೈಮೇಲೆ ಬೀಳುತ್ತದೆ ಎಂಬುದು ಮರಾಠಿಗರಿಗೆ ಗೊತ್ತಿತ್ತು.

ನಮ್ಮಲ್ಲೇನು ಕಡಿಮೆಯೇ? ಚಾಟೂಕ್ತಿ, ನಗೆಹನಿ, ಚಟಾಕಿ, ವಿನೋದ, ಕುಚೋದ್ಯ, ಅಣಕ, ಗೇಲಿ, ಲೇವಡಿ, ಕೊಂಕು, ಕುಹಕ, ಮೂದಲಿಕೆ. ನಮ್ಮ ಕಡೆ ಮಾತಿನಲ್ಲಿ ಮಷ್ಕಿರಿ, ಚ್ಯಾಷ್ಟಿ. ನಿಘಂಟು ತೆರೆದರೆ ಇವೆಲ್ಲ ಅಕ್ಕಪಕ್ಕದಲ್ಲಿ, ಒಂದಕ್ಕೊಂದು ಸಮಾನಾರ್ಥಕ ಎಂಬಂತೆ ಕೂತಿರುತ್ತವೆ. ಆದರೆ ನಡುವೆ ಎಷ್ಟು ದೂರ! ಚಾಟು ಅಂದರೆ ಸಂಸ್ಕೃತದಲ್ಲಿ ಕೇಳುವವನಿಗೆ ಹಿತವಾದ ಮಾತು. ಅದು ಅತಿಯಾದವನೇ ಹಿಂದಿಯ ಚಾಟುಕಾರ, ಅಂದರೆ ಹೊಗಳುಭಟ್ಟ. ವಿನೋದ ಎಂಬುದರ ಮೂಲಾರ್ಥ ದೂರ ಓಡಿಸುವುದು, ಎದುರಿನವನ ದಣಿವನ್ನೋ ದುಃಖವನ್ನೋ ಅಟ್ಟುವುದು. ಚುಟುಕು ಅಂದರೆ ಚಿಕ್ಕದು, ದಿನಕರ ದೇಸಾಯಿಯವರ ಚೌಪದಿಗಳಿಂದ ಮನೆಮಾತಾದ ಶಬ್ದ. ಅದರಲ್ಲಿ ಒಂದೇ ಅಕ್ಷರ ಬದಲಾಯಿಸಿದರೆ ಕುಟುಕು, ಚೇಳಿನ ಕೆಲಸ. ಹಾಸಕ್ಕೆ ಮುಂದೆ 'ಪರಿ' ಬಂದರೆ ಒಂದು, 'ಅಪ' ಬಂದರೆ ಇನ್ನೊಂದು. ಭರತನ ನಾಟ್ಯಶಾಸ್ತ್ರದಲ್ಲಿ ನಗುವಿನ ಆರು ಬಗೆ ಹೇಳಿದ್ದಾರೆ: ಸ್ಮಿತ, ಹಸಿತ ಉತ್ತಮರದು, ವಿಹಸಿತ, ಉಪಹಸಿತ ಮಧ್ಯಮರದು, ಅಪಹಸಿತ, ಅತಿಹಸಿತ ಅಧಮರದು. ನಮ್ಮ ಬ್ಯಾಂಕಿನ ಗ್ರೇಡುಗಳ ಹಾಗೆ! ಆದರೆ ಅಲ್ಲಿ ಗ್ರೇಡು ಬಿದ್ದದ್ದು ನಗುವವನಿಗೆ. ನಗೆಗೆ ಗುರಿಯಾದವನ ಗತಿ ಏನು ಎಂಬುದೇ ನನ್ನ ಪ್ರಶ್ನೆ.

ನಾನೂ ಗುರಿಯಾದವನೇ. ಕನ್ನಡದಲ್ಲಿ ಮೇಜು, ಕುರ್ಚಿ, ಕೀಲಿಕೈ ಎಲ್ಲವೂ 'ಅದು'. ಮರಾಠಿಯಲ್ಲಿ ಹಾಗಲ್ಲ, ಒಂದು ಗಂಡು, ಒಂದು ಹೆಣ್ಣು, ಮತ್ತೊಂದು ನಪುಂಸಕ. ಚಾವಿ ಹೆಣ್ಣು. ನಾನು ಒಂದು ಬೆಳಿಗ್ಗೆ ಗಾಬರಿಯಿಂದ 'ಕಪಾಟಿನ ಚಾವೀ ಹರವಲಾ' ಅಂದುಬಿಟ್ಟೆ, ಚಾವಿ ಕಳೆದುಹೋದ ಎಂಬಂತೆ. ಕಾಕಾ ನೋಟೆಣಿಸುತ್ತಲೇ, 'ಗಂಡು ಚಾವಿ ಕಳೆದಿದ್ದರೆ ಹುಡುಕಬೇಡಿ ಸಾಹೇಬ, ಹಸಿವಾದ ಮೇಲೆ ತಾನೇ ಮನೆಗೆ ಬರುತ್ತಾನೆ' ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ನಗು ನಿಂತ ಮೇಲೆ ಕಾಕಾ ಒಂದು ಮಾತು ಸೇರಿಸಿದರು: 'ಆತಾ ತುಮಚೀ ಪಾಳೀ.' ಈಗ ನಿಮ್ಮ ಪಾಳಿ. ಪಾಳಿ ಎಂಬ ಶಬ್ದ ಅವರಲ್ಲೂ ಉಂಟು, ನಮ್ಮಲ್ಲೂ ಉಂಟು, ಅರ್ಥವೂ ಒಂದೇ. ಅಂದು ಅದರ ಕಡೆ ಲಕ್ಷ್ಯ ಹೋಗಲಿಲ್ಲ.

ನನ್ನ ಪಾಳಿ ಬಂದದ್ದು ಮೂರು ತಿಂಗಳಾದ ಮೇಲೆ. ಕಾಕಾಗೆ ಕನ್ನಡ ಎಣಿಕೆ ಕಲಿಯುವ ಹುಚ್ಚು ಹಿಡಿದಿತ್ತು. ಒಂದು, ಎರಡು ಅಂದೆ. ಅವರು ತಡೆದು, 'ಯೇ ರಡೂ? ಎರಡಕ್ಕೇ ಯಾಕೆ ಅಳುತ್ತೀರಿ?' ಅಂದರು. ಮರಾಠಿಯಲ್ಲಿ ರಡೂ ಅಂದರೆ ಅಳು. ನನಗೆ ಅದೆಲ್ಲಿಂದ ಧೈರ್ಯ ಬಂತೋ, 'ನಾವು ಎರಡಕ್ಕೇ ಅತ್ತು ಮುಗಿಸುತ್ತೇವೆ ಕಾಕಾ. ನಿಮ್ಮ ಹಾಗೆ ಸಂಜೆ ಕ್ಯಾಶು ಕೂಡದಾಗ ಕೂತು ಅಳುವುದಿಲ್ಲ' ಅಂದೆ. ಕಾಕಾರ ಮುಖ ನೀವು ನೋಡಬೇಕಿತ್ತು! ಮಗ ಪಾಸಾದಂತೆ ಕೌಂಟರಿಗೆ ಬಂದ ಗಿರಾಕಿಗಳಿಗೆಲ್ಲ ಆ ಮಾತು ಹೇಳಿದರು. ಆ ದೀಪಾವಳಿಗೆ ಅವರು ಕೊಟ್ಟ ಉಡುಗೊರೆ ಪು.ಲ. ದೇಶಪಾಂಡೆಯವರ ಕ್ಯಾಸೆಟ್ಟು. ಅದರಲ್ಲಿ 'ರಾವಸಾಹೇಬ' ಎಂಬ ವ್ಯಕ್ತಿಚಿತ್ರವಿತ್ತು. ಬೆಳಗಾವಿಯ ಒಬ್ಬ ದೊಡ್ಡ ಮನಸ್ಸಿನ ಮನುಷ್ಯ, ಕನ್ನಡ ಬೆರೆತ ಮರಾಠಿ, ನನ್ನ ಹಾಗೆಯೇ ಲಿಂಗ ತಪ್ಪುವ ನಾಲಗೆ. ಆ ಮಾತಿಗೆ ಕೇಳುವವರು ಹೊಟ್ಟೆ ಹಿಡಿದು ನಗುತ್ತಾರೆ, ಕೊನೆಗೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಹೇಳುವವನಿಗೆ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಎಂಬುದು ಒಂದೊಂದು ಮಾತಿನಲ್ಲೂ ಗೊತ್ತಾಗುತ್ತದೆ.

ನಾಸಿಕ ರೋಡಿನಲ್ಲಿ 1928ರಿಂದ ನೋಟು ಅಚ್ಚು ಹಾಕುವ ಮುದ್ರಣಾಲಯವಿದೆ. ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ಕನ್ನಡದ್ದು ನಾಲ್ಕನೆಯ ಸಾಲು, ಮರಾಠಿಯದು ಎಂಟನೆಯದು. ಹದಿನೈದು ಭಾಷೆಯಲ್ಲಿ ಬರೆದರೂ ನೂರು ರೂಪಾಯಿ ನೂರೇ ರೂಪಾಯಿ. ನಗೆಮಾತಿಗೂ ಇದೇ ನಿಯಮ ಅಂತ ನಾನು ನಂಬಿದ್ದೆ. ಒಮ್ಮೆ ಕಲಿತೆನಲ್ಲ, ಇನ್ನು ಎಲ್ಲಿ ಖರ್ಚು ಮಾಡಿದರೂ ನಡೆಯುತ್ತದೆ ಅಂತ.

ಬಡ್ತಿ, ವರ್ಗ, ಮತ್ತೆ ವರ್ಗ ಆಗಿ 2004ರಲ್ಲಿ ಔರಂಗಾಬಾದಿಗೆ ಶಾಖಾ ವ್ಯವಸ್ಥಾಪಕನಾಗಿ ಹೋದೆ. ಈಗ 2023ರಿಂದ ಅದು ಛತ್ರಪತಿ ಸಂಭಾಜಿನಗರ. ಅಷ್ಟು ಹೊತ್ತಿಗೆ ನನ್ನ ಮರಾಠಿ ಪಳಗಿತ್ತು. 'ಕಾನಡಿ ಸಾಹೇಬರು ಕೋಟಿ ಮಾಡುವುದರಲ್ಲಿ ಹುಷಾರು' ಎಂಬ ಹೆಸರು ನನಗಿಂತ ಮೊದಲೇ ಆ ಶಾಖೆ ಮುಟ್ಟಿತ್ತು. ಮನೆ ಬಿಟ್ಟು ಬಂದವನಿಗೆ ಇಂಥ ಹೆಸರು ಎಷ್ಟು ಹಿತ ಎಂಬುದು ಮನೆಯಲ್ಲೇ ಇದ್ದವರಿಗೆ ಗೊತ್ತಾಗಲಿಕ್ಕಿಲ್ಲ. ಊರಲ್ಲಿ ಹೊಲ ಇದ್ದಂತೆ ಅದು.

ಅಲ್ಲಿ ಒಬ್ಬ ಹಿರಿಯ ಕ್ಯಾಶಿಯರ್ ಇದ್ದರು. ಐವತ್ತೇಳರ ಆಸುಪಾಸು, ಮಿತಭಾಷಿ. ಎಲ್ಲರೂ ಅವರನ್ನು ಅಣ್ಣಾ ಅನ್ನುತ್ತಿದ್ದರು. ಅಣ್ಣಾ, ಅಕ್ಕಾ ಮರಾಠಿಯಲ್ಲೂ ನಡೆಯುವ ಮಾತುಗಳು. 2005ರ ಮಳೆಗಾಲದಲ್ಲಿ ಎರಡು ತಿಂಗಳಲ್ಲಿ ಮೂರು ಸಲ ಅವರ ಕ್ಯಾಶು ಕಡಿಮೆ ಬಂತು. ಮೂರು ಸಲವೂ ಸುಮ್ಮನೆ ತಮ್ಮ ಕಿಸೆಯಿಂದ ತುಂಬಿದರು. ಮೂರನೆಯ ಸಂಜೆ ಇಡೀ ಸಿಬ್ಬಂದಿ ಕಾಯುತ್ತ ಕೂತಿತ್ತು, ಅವರು ನಾಲ್ಕನೆಯ ಬಾರಿ ಕಟ್ಟು ಎಣಿಸುತ್ತಿದ್ದರು. ಬೇಸರ ಕಳೆಯಲೆಂದೇ ಅನ್ನಿ, ನಾನು ಹೇಳಿದೆ: 'ಅಣ್ಣಾ, ಗಲ್ಲ್ಯಾತ ಶಿಲ್ಲಕ ಜಮತ ನಾಹೀ, ಡೋಕ್ಯಾತ ತರೀ ಶಿಲ್ಲಕ ಆಹೇ ಕಾ?'

ನಮ್ಮ ಶಿಲ್ಕು ಅವರ ಶಿಲ್ಲಕ. ಗಲ್ಲಾದಲ್ಲಿ ಶಿಲ್ಕು ಕೂಡುತ್ತಿಲ್ಲ, ತಲೆಯಲ್ಲಾದರೂ ಏನಾದರೂ ಶಿಲ್ಕು ಉಳಿದಿದೆಯೇ? ಎಲ್ಲರೂ ನಕ್ಕರು. ಅಣ್ಣಾನೂ ನಕ್ಕರು. ಕೋಟಿ ಚೆನ್ನಾಗಿತ್ತು, ಅದರಲ್ಲಿ ಅನುಮಾನವಿಲ್ಲ. ನಾನು ಖುಷಿಯಿಂದ ಮನೆಗೆ ಹೋದೆ.

ಮುಂದಿನ ವರ್ಷ ಅಣ್ಣಾ ಸ್ವಯಂನಿವೃತ್ತಿಗೆ ಅರ್ಜಿ ಕೊಟ್ಟರು. ಕಾಗದಪತ್ರಕ್ಕೆಂದು ಅವರ ಹೆಂಡತಿ ಬಂದರು. ಡಾಕ್ಟರು ಡಿಮೆನ್ಷಿಯಾ ಅಂದಿದ್ದಾರೆ, ಮರೆವಿನ ಕಾಯಿಲೆ, ಒಂದೂವರೆ ವರ್ಷದಿಂದಲೇ ಶುರುವಾಗಿತ್ತಂತೆ. ಆಕೆಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಅದೇ ಇನ್ನೂ ಕಷ್ಟ. 'ನಮ್ಮ ಸಾಹೇಬರು ಕಾನಡಿಯವರಾದರೂ ಎಂಥ ಕೋಟಿ ಮಾಡುತ್ತಾರೆ ನೋಡಿ ಅಂತ ನೀವು ಹೇಳಿದ್ದನ್ನು ಮನೆಯಲ್ಲೂ ಹೇಳಿ ನಕ್ಕಿದ್ದರು' ಅಂದರು. ಸ್ವಲ್ಪ ತಡೆದು, 'ಆ ರಾತ್ರಿ ಮಗಳನ್ನು ಎಬ್ಬಿಸಿ ಕೇಳಿದರು, ಸಾಹೇಬರು ಹೇಳಿದ್ದು ಖರೆ ಏನವ್ವಾ, ನಿನಗೂ ಹಾಗೇ ಅನಿಸುತ್ತದೇನು ಅಂತ' ಅಂದರು.

ನಾನು ಸಹಿ ಹಾಕುವ ಜಾಗ ಹುಡುಕುವವನಂತೆ ಕಾಗದದ ಕಡೆ ನೋಡುತ್ತ ಕೂತೆ.

ಅವತ್ತಿನಿಂದ ಇವತ್ತಿನವರೆಗೆ ನಾನು ಒಂದೇ ಲೆಕ್ಕ ಮತ್ತೆ ಮತ್ತೆ ಹಾಕುತ್ತ ಬಂದಿದ್ದೇನೆ. ನಾಸಿಕದಲ್ಲಿ ಒಬ್ಬ ಕ್ಯಾಶಿಯರಿಗೆ ಕ್ಯಾಶು ಕೂಡದ ಬಗ್ಗೆ ನಗೆಯಾಡಿದೆ, ಆತ ಹಬ್ಬದ ಉಡುಗೊರೆ ಕೊಟ್ಟ. ಔರಂಗಾಬಾದಿನಲ್ಲಿ ಇನ್ನೊಬ್ಬ ಕ್ಯಾಶಿಯರಿಗೆ ಅದೇ ವಿಷಯದ ಬಗ್ಗೆ ನಗೆಯಾಡಿದೆ, ಆತ ರಾತ್ರಿ ಮಗಳನ್ನು ಎಬ್ಬಿಸಿದ. ಮಾತು ಹೆಚ್ಚುಕಡಿಮೆ ಒಂದೇ. ಒಂದು ವಿನೋದ, ಇನ್ನೊಂದು ಚೇಳು. ವ್ಯತ್ಯಾಸ ಎಲ್ಲಿದೆ?

'ನನಗೆ ಅವರ ಕಾಯಿಲೆ ಗೊತ್ತಿರಲಿಲ್ಲ' ಎಂಬುದು ಮೊದಲ ಉತ್ತರ. ಖರೆ. ಆದರೆ ಅದು ಪೂರ್ತಿ ಉತ್ತರವಲ್ಲ. ಕಾಕಾರ ಮನೆಯ ಕಷ್ಟವೂ ನನಗೆ ಗೊತ್ತಿರಲಿಲ್ಲ. ಎದುರಿನವರ ಒಳಗೆ ಏನಿದೆ ಅಂತ ತಿಳಿದುಕೊಂಡೇ ನಗೆಯಾಡಬೇಕೆಂದರೆ ಲೋಕದಲ್ಲಿ ಯಾರೂ ನಗುವ ಹಾಗಿಲ್ಲ.

ನನಗೆ ಹೊಳೆದ ಉತ್ತರ ಕಾಕಾರ ಆ ಪಾಳಿಯಲ್ಲಿದೆ. ನಾಸಿಕದಲ್ಲಿ ಭಾಷೆಯಲ್ಲಿ ಅವರು ಮೇಲು, ಹುದ್ದೆಯಲ್ಲಿ ನಾನು ಮೇಲು. ತಕ್ಕಡಿ ಸಮ. ಅವರು ಒಂದು ಅಂದರೆ ನಾನು ಒಂದು ಅನ್ನಬಹುದಿತ್ತು, ಅನ್ನಲಿ ಅಂತ ಅವರು ಕಾದರು ಕೂಡ. ಅಣ್ಣಾರ ಮುಂದೆ ಭಾಷೆಯೂ ನನ್ನ ಕೈಯಲ್ಲಿ, ಹುದ್ದೆಯೂ ನನ್ನ ಕೈಯಲ್ಲಿ, ನಗುವ ಜನವೂ ನನ್ನ ಕಡೆ. ಅವರಿಗೆ ಉಳಿದ ದಾರಿ ಒಂದೇ, ಎಲ್ಲರ ಜೊತೆ ತಾವೂ ನಗುವುದು. ಆ ನಗುವನ್ನು ನಾನು ಒಪ್ಪಿಗೆ ಅಂತ ಜಮಾ ಮಾಡಿಕೊಂಡೆ. ಅದು ಜಮಾ ಆಗಿರಲಿಲ್ಲ, ನನ್ನ ಹೆಸರಿನಲ್ಲಿ ಖರ್ಚು ಬಿದ್ದಿತ್ತು. ತಿರುಗಿ ಹೇಳಲಾರದವನಿಗೆ ಹೇಳಿದ ನಗೆಮಾತಿಗೆ ನಿಘಂಟಿನಲ್ಲಿ ಯಾವ ಹೆಸರಿದ್ದರೂ ಅದು ಚಾಟೂಕ್ತಿಯಲ್ಲ.

ಹಾಗಾದರೆ ನೊಂದೆ ಅಂದವರ ಮಾತೇ ಕಡೆಯದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗೆ ಒಪ್ಪಿದರೆ ಕುರ್ಚಿಯ ಮೇಲೆ ಕೂತವರು ಎಲ್ಲರಿಗಿಂತ ಮೊದಲು ನೋಯುತ್ತಾರೆ. ಆರ್.ಕೆ. ಲಕ್ಷ್ಮಣ್ 'ಕೊರವಂಜಿ'ಯಲ್ಲಿ ಬರೆದ ಕಾಲದಿಂದ ಎಷ್ಟು ಮಂದಿ ದೊಡ್ಡವರನ್ನು ಗೆರೆಯಲ್ಲಿ ತಿವಿದಿಲ್ಲ! ಬೀಚಿಯವರ ತಿಂಮ ಯಾರನ್ನು ಬಿಟ್ಟಿದ್ದಾನೆ? ಆದರೆ ಅಲ್ಲಿ ಏಟು ಬಿದ್ದದ್ದು ಉತ್ತರ ಕೊಡಲು ಬಾಯಿ, ಬಲ ಎರಡೂ ಇದ್ದವರಿಗೆ. ಅವರ ಪಾಳಿ ಅವರ ಹತ್ತಿರವೇ ಇತ್ತು. ಹಾಗಾಗಿ ನೋವು ಆಯಿತೋ ಇಲ್ಲವೋ ಎನ್ನುವುದಕ್ಕಿಂತ, ನೊಂದವನಿಗೆ ತಿರುಗಿ ಮಾತಾಡುವ ದಾರಿ ಇತ್ತೋ ಇಲ್ಲವೋ ಎಂದು ಕೇಳುವುದು ಹೆಚ್ಚು ನ್ಯಾಯ ಅಂತ ನನ್ನ ಅನಿಸಿಕೆ.

ಇನ್ನೊಂದು ಸಂಗತಿ ಪರಊರಿನಲ್ಲಿ ಬಾಳುವವರಿಗೇ ಸಂಬಂಧಿಸಿದ್ದು. ಆ ಮಾತನ್ನು ನಾನು ಕನ್ನಡದಲ್ಲಿ ಆಡುತ್ತಿದ್ದೆನೇ? ಬಾಗಲಕೋಟೆಯಲ್ಲಿ ಒಬ್ಬ ಹಿರಿಯರಿಗೆ, 'ಅಣ್ಣಾರ, ತಲ್ಯಾಗರ ಶಿಲ್ಕು ಐತೇನ್ರಿ?' ಅಂತ ನಾಲ್ಕು ಜನರ ಎದುರಿಗೆ ಕೇಳುತ್ತಿದ್ದೆನೇ? ನಾಲಗೆ ಏಳುತ್ತಿರಲಿಲ್ಲ. ನಮ್ಮವ್ವ ಸಣ್ಣವರಿದ್ದಾಗಲೇ ಹೇಳಿದ್ದಳು, 'ಚ್ಯಾಷ್ಟಿ ಮಾಡು ತಮ್ಮಾ, ಆದರ ನಗಿ ಹೋಗಿ ಹಗಿ ಆಗಬಾರದು' ಅಂತ. ತಾಯಿನುಡಿಯಲ್ಲಿ ಒಂದೊಂದು ಶಬ್ದದ ತೂಕವೂ ಕೈಗೆ ಹತ್ತುತ್ತದೆ. ಕಲಿತ ಭಾಷೆಯಲ್ಲಿ ಶಬ್ದ ಹಗುರ, ಆಡುವವನಿಗೆ ಮಾತ್ರ ಹಗುರ. ಆ ಸಂಜೆ ನಾನು ಅಣ್ಣಾರ ಮುಖ ನೋಡುತ್ತಿರಲಿಲ್ಲ. ನನ್ನದೇ ಮರಾಠಿಯನ್ನು ಕೇಳಿಸಿಕೊಳ್ಳುತ್ತಿದ್ದೆ. ಎಷ್ಟು ಚೆನ್ನಾಗಿ ಬಂತಲ್ಲ ಅಂತ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ಕೇರಳದಲ್ಲಿ ಹುಟ್ಟಿ ಮೈಸೂರಿಗೆ ಬಂದು ಇತಿಹಾಸ ಕಲಿಸಿದ ನಾ. ಕಸ್ತೂರಿಯವರು ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದರು, ಶಬ್ದಗಳಿಗೆ ತಲೆಕೆಳಗಾದ ಅರ್ಥ ಕೊಟ್ಟು 'ಅನರ್ಥಕೋಶ' ಬರೆದರು. ಪರಭಾಷೆಯವರು ನಗಿಸಬಾರದೆಂದಲ್ಲ. ಅವರು ಅಣಕಿಸಿದ್ದು ಶಬ್ದಗಳನ್ನು. ನಾನು ಕೈಹಾಕಿದ್ದು ಒಬ್ಬ ಮನುಷ್ಯನ ತಲೆಗೆ.

ಔರಂಗಾಬಾದಿನಲ್ಲೇ ಒಬ್ಬ ಹಿಮ್ರೂ ಶಾಲುಗಳ ವ್ಯಾಪಾರಿ ನಮ್ಮ ಗಿರಾಕಿಯಾಗಿದ್ದರು. ಆ ಊರು 1948ರವರೆಗೆ ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳ ಹಾಗೆ ನಿಜಾಮನ ರಾಜ್ಯದಲ್ಲಿತ್ತು, ಉರ್ದು ಅಲ್ಲಿ ಬಜಾರದ ಮಾತು. ಅವರು ಚೆಕ್ಕು ಹಾಕಲು ಬಂದಾಗಲೆಲ್ಲ ಒಂದು ಲತೀಫಾ ಹೇಳಿ ಹೋಗುತ್ತಿದ್ದರು. ಲತೀಫಾ ಅಂದರೆ ನಗೆಚಾಟಿಕೆ ಅಂತಲೇ ತಿಳಿದಿದ್ದೆ. ಅದು ಲತೀಫ್ ಎಂಬುದರಿಂದ ಬಂದದ್ದು, ಲತೀಫ್ ಅಂದರೆ ಮೃದು, ನವಿರು ಅಂತ ಅವರೇ ಒಮ್ಮೆ ಹೇಳಿದರು. ತಮ್ಮ ಶಾಲನ್ನು ಬೆರಳಿನಿಂದ ಸವರಿ ತೋರಿಸಿ, 'ಇಷ್ಟು ನವಿರಾಗಿ ತಾಗಬೇಕು ಸಾಬ್. ಇಲ್ಲದಿದ್ದರೆ ಅದು ಲತೀಫಾ ಅಲ್ಲ, ತಾನಾ' ಅಂದರು. ತಾನಾ ಅಂದರೆ ಮೂದಲಿಕೆ. ಮರಾಠಿಯವರು ಶಾಲಿನಲ್ಲಿ ಸುತ್ತಿ ಹೊಡೆಯುವುದನ್ನು ನನಗೆ ಕಲಿಸಿದ್ದರು, ಈ ಮನುಷ್ಯ ಬರೀ ಶಾಲನ್ನು ತೋರಿಸಿದ. ಕೇಳಿ ತಲೆಯಾಡಿಸಿದ್ದೆ. ಆಗ ಅಣ್ಣಾರ ಹೆಂಡತಿ ಇನ್ನೂ ಬಂದಿರಲಿಲ್ಲ.

2011ರಲ್ಲಿ ಆಡಿಟ್ಟಿನ ಕೆಲಸಕ್ಕೆ ಆ ಊರಿಗೆ ಹೋದಾಗ ಅಣ್ಣಾರ ಮನೆ ಹುಡುಕಿಕೊಂಡು ಹೋದೆ. ಅಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದರೆ ಉತ್ತರವಿಲ್ಲ, ನಾಚಿಕೆ ಅನ್ನಿ. ಅವರು ಕುರ್ಚಿಯಲ್ಲಿ ಕೂತಿದ್ದರು, ನನ್ನ ಗುರುತು ಹತ್ತಲಿಲ್ಲ. ಹೆಂಡತಿ 'ಬ್ಯಾಂಕಿನ ಸಾಹೇಬರು' ಅಂದಾಗ ಏಳಲು ಹೋದರು, ನಾನೇ ಹಿಡಿದು ಕೂಡಿಸಿದೆ. ಹೇಳಬೇಕೆಂದು ಬಂದ ಮಾತು ಹೇಳಿದೆ: ಅವತ್ತು ನಾನು ಆಡಿದ್ದು ತಪ್ಪು, ಕ್ಷಮಿಸಿ ಅಂತ. ಅವರು ಎದುರಿಗಿದ್ದವನು ಏನೋ ತೊಂದರೆಯಲ್ಲಿದ್ದಾನೆ ಎಂಬಂತೆ ನನ್ನ ಕೈ ಮೇಲೆ ಕೈಯಿಟ್ಟು, 'ಇರಲಿ, ಇರಲಿ. ಚಹಾ ಕುಡಿಯಿರಿ' ಅಂದರು. ಯಾವುದಕ್ಕೆ ಇರಲಿ ಅಂದರೋ ಅವರಿಗೂ ಗೊತ್ತಿಲ್ಲ. ಸಾಲ ಕೊಟ್ಟವನ ವಹಿಯೇ ಅಳಿಸಿಹೋಗಿತ್ತು. ಅದರಿಂದ ನನ್ನ ವಹಿಯಲ್ಲಿ ಸಾಲ ತೀರಿತೇ? ನನ್ನ ಲೆಕ್ಕದಲ್ಲಿ ತೀರಿಲ್ಲ. ಕೊಟ್ಟವನು ಮರೆತರೆ ಪಡೆದವನು ಇನ್ನಷ್ಟು ಜತನದಿಂದ ನೆನಪಿಡಬೇಕಾಗುತ್ತದೆ.

ಅಣ್ಣಾ ಈಗಿಲ್ಲ, ಕಾಕಾನೂ ಇಲ್ಲ. ನಾನು ನಿವೃತ್ತನಾಗಿ ಮಗನ ಜೊತೆ ನಾಸಿಕದಲ್ಲೇ ಇದ್ದೇನೆ. ಸಂಜೆ ಗೋದಾವರಿಯ ದಂಡೆಗೆ ಹೋಗಿ ಕೂಡುತ್ತೇನೆ. ನನ್ನ ವಯಸ್ಸಿನವರು ನಾಲ್ಕು ಜನ ಬರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ಈಗಲೂ ನಾಲಗೆಯ ತುದಿಗೆ ಕೋಟಿ ಬರುತ್ತದೆ. ಬಂದಾಗ ಎದುರಿಗಿದ್ದವರ ಮುಖ ನೋಡುತ್ತೇನೆ. ತಿರುಗಿ ಒಂದು ಹೇಳುವ ಹುರುಪು ಅಲ್ಲಿ ಕಂಡರೆ ಆಡುತ್ತೇನೆ, ಆಡಿ ಕಾಯುತ್ತೇನೆ. ಕಾಣದಿದ್ದರೆ ನುಂಗುತ್ತೇನೆ. ಹಾಗೆ ನುಂಗಿದವುಗಳಲ್ಲಿ ಭಾಳ ಒಳ್ಳೆಯವೂ ಇದ್ದವು ಎಂಬ ಹಳಹಳಿ ಸುಳ್ಳಲ್ಲ. 'ಮೊದಲಿನಂಗ ನೀವು ಮಂದೀನ ನಗಸೂದಿಲ್ಲ ಬಿಡ್ರಿ' ಅಂತ ಮನೆಯಾಕೆ ಅನ್ನುತ್ತಾಳೆ. ಖರೇನೇ. ಆದರೆ ಮೊನ್ನೆ ಮೊಮ್ಮಗಳು ನನ್ನ ಮರಾಠಿಯಲ್ಲಿ ಒಂದು ಲಿಂಗದ ತಪ್ಪು ಹಿಡಿದು, ನನ್ನನ್ನೇ ಅಣಕಿಸಿ, ಓಡಿಹೋಗದೆ ಎದುರಿಗೇ ನಿಂತಳು. ನಾನು ಏನು ಅನ್ನುತ್ತೇನೋ ಅಂತ ಕಾಯುತ್ತಿದ್ದಳು.